ಮಳೆಗಾಲದಲ್ಲಿ ಕೀಸಬಾರದು

ಜೂನ್ 11

ನರ್ಸುಗಳ ಹಳೇ ಹಾಸ್ಟೆಲ್. ಮೇಲಿನ ಮಹಡಿಯ ಬಾಗಿಲುಗಳು ಮುಗಿದವು. ಎಲ್ಲದಕ್ಕೂ ಒಂದೇ ರೋಗ — ಬಿಜಾಗರಿ ಜೋಲು ಬಿದ್ದಿದೆ, ಸ್ಕ್ರೂ ತೂತು ಹಿಗ್ಗಿದೆ. ಬಿದಿರಿನ ಸೀಳು, ಒಂದಿಷ್ಟು ಅಂಟು, ಮತ್ತೆ ಅದೇ ಸ್ಕ್ರೂ. ವಾರ್ಡನ್ ಮೇಡಂ ಬೆನ್ನು ಬಿಡಲಿಲ್ಲ. ಉಬ್ಬಿಕೊಂಡ ಬಾಗಿಲುಗಳನ್ನೂ ಕೀಸಿ ಕೊಡಬೇಕಂತೆ. ಆಗಲ್ಲ ಅಂದೆ. ಮಳೆಗಾಲದಲ್ಲಿ ಮರ ನೀರು ಕುಡಿದಿರುತ್ತದೆ. ಈಗ ಕೀಸಿದರೆ ಬೇಸಿಗೆಗೆ ಬೆಕ್ಕು ನುಸುಳುವಷ್ಟು ಸಂದು. ಮೂವತ್ತು ವರ್ಷದ ಕಸುಬು. ಮೇಡಂ ಮುಖ ನೋಡಿ ಬದಲಾಯಿಸಲು ಆಗುತ್ತದೆಯೇ.

ಮನೆಯಲ್ಲೂ ಅದೇ ಪುರಾಣ. ಬಚ್ಚಲ ಬಾಗಿಲು ಕಚ್ಚಿಕೊಳ್ಳುತ್ತಿದೆ ಅಂತ ಇವಳು. "ಊರವರ ಬಾಗಿಲೆಲ್ಲ ನೆಟ್ಟಗೆ ಮಾಡ್ತೀರಿ. ನಮ್ಮದಕ್ಕೆ ಯಾರನ್ನ ಕರೀಲಿ?" ನಗುತ್ತಲೇ ಕೇಳಿದಳು. ಮಳೆ ನಿಲ್ಲಲಿ ಅಂದೆ.

ಜೂನ್ 17

ಮತ್ತೆ ಬಚ್ಚಲ ಬಾಗಿಲು. "ಒಳಗಿಂದ ಎಳೆದೂ ಎಳೆದೂ ರಟ್ಟೆ ಬಿದ್ದೋಯ್ತು ಕಣ್ರೀ." ಹೋಗಿ ನೋಡಿದೆ. ಮೇಲಿನ ಮೂಲೆಯಲ್ಲಿ ಎರಡು ನೂಲು, ಕಾಲಿಂಚು ಉಬ್ಬಿದೆ, ಅಷ್ಟೇ. "ಒಂದೆರಡು ತಿಂಗಳು ತಡಕೋ. ಜೋರಾಗಿ ಹಾಕಬೇಡ, ಸಾಕು." ಕೀಸುಳಿ ಚೀಲದಲ್ಲೇ ಇತ್ತು.

ಜುಲೈ 20

ಅವಳು ಹೋಗಿ ಇಪ್ಪತ್ತೆಂಟು ದಿನ.

ಆದದ್ದು ಇಷ್ಟು. ಬಚ್ಚಲಲ್ಲಿ ಎದೆನೋವು ಬಂದಿದೆ. ಬಾಗಿಲು ಎಳೆದಿದ್ದಾಳೆ, ಬಂದಿಲ್ಲ. ಬಡಿದಿದ್ದಾಳೆ. ಮೇಲಿನ ಮನೆಯ ಟೀಚರ್ ಕೇಳಿಸಿಕೊಂಡು ಓಡಿ ಬಂದು ದೂಡಿದ್ದಾರೆ. ಅಷ್ಟರಲ್ಲಿ ಇವಳು ಬಾಗಿಲಿಗೆ ಅಡ್ಡ ಬಿದ್ದಾಗಿತ್ತು. ನನಗೆ ಫೋನ್. ಬಿಜಾಗರಿ ಒಳಬದಿಗೆ, ಹೊರಗಿನಿಂದ ಕಳಚಲು ಬರುವುದಿಲ್ಲ. ಹಲಗೆ ಸೀಳಿ ಒಳಗೆ ಹೋದೆ. ನಲವತ್ತು ನಿಮಿಷ ದಾಟಿತ್ತು. "ಇನ್ನೂ ಸ್ವಲ್ಪ ಬೇಗ ತಂದಿದ್ರೆ..." ಅಂದರು ಡಾಕ್ಟರ್.

ಅಳು ಬಂದಿಲ್ಲ. ಏನೂ ಬಂದಿಲ್ಲ. ಹಸಿವಾಗುತ್ತದೆ, ಉಣ್ಣುತ್ತೇನೆ. ಅದಕ್ಕೇ ನಾಚಿಕೆ.

ಜುಲೈ 21, ಬೆಳಿಗ್ಗೆ 6

ಮಗಳು ರಜೆ ಹಾಕಿ ಇಲ್ಲೇ ಇದ್ದಾಳೆ. ದಿನಕ್ಕೊಮ್ಮೆಯಾದರೂ ಅದೇ ಮಾತು. "ಅವತ್ತು ಬೆಳಿಗ್ಗೆ ಅಮ್ಮ ಫೋನ್ ಮಾಡಿ ಎದೆ ಉರೀತಿದೆ ಅಂದ್ಲು. ಗ್ಯಾಸ್ ಇರ್ಬೇಕು, ಬಿಸಿನೀರು ಕುಡಿ ಅಂದ್ಬಿಟ್ಟೆ. ನಾನೇ ಕೊಂದೆ ಅಪ್ಪ."

ಬಾಗಿಲು ಮಳೆಗೆ ಕಚ್ಚಿಕೊಂಡಿತ್ತು ಅಂತಷ್ಟೇ ಅವಳಿಗೆ ಗೊತ್ತು. ಅವಳಮ್ಮ ಎರಡು ಸಲ ಹೇಳಿದ್ದು, ನಾನು ತಡಕೋ ಅಂದದ್ದು ಗೊತ್ತಿಲ್ಲ. ಹೇಳಬೇಕು. ಹೇಳಿದರೆ ಉಳಿದಿರುವ ಮಗಳೂ ಕೈತಪ್ಪುತ್ತಾಳೆ. ಕೆಲಸಕ್ಕೆ ಹೊರಟೆ.

ಜುಲೈ 24

ಹಾಸ್ಟೆಲ್. ಉಬ್ಬಿದ ಬಾಗಿಲುಗಳನ್ನೆಲ್ಲ ಕೀಸಿ ಹಾಕಿದೆ. ಒದ್ದೆ ಮರ, ಸುರುಳಿ ಬರುವುದಿಲ್ಲ, ನಾರು ನಾರಾಗಿ ಕಿತ್ತು ಬರುತ್ತದೆ. ಮೇಡಂ ನಿಂತು ನೋಡಿದರು. "ಮಳೆಗಾಲದಲ್ಲಿ ಮುಟ್ಟಲ್ಲ ಅಂದಿದ್ರಲ್ಲ ಮೇಸ್ತ್ರಿ?"

"ಬೇಸಿಗೇಲಿ ಸಂದು ಬಿದ್ರೆ ಅಂಚಿಗೆ ಒಂದು ಮರದ ಪಟ್ಟಿ ಹೊಡೆದು ಕೊಡ್ತೀನಿ ಮೇಡಂ."

ಇಷ್ಟು ಸುಲಭದ ಉತ್ತರ. ಒಂದು ಪಟ್ಟಿ. ಮನೆಯಲ್ಲಿ ಯಾಕೆ ಹೊಳೆಯಲಿಲ್ಲ? ಹೊಳೆದಿತ್ತು. ಪಟ್ಟಿ ಹೊಡೆದ ಬಾಗಿಲು ನನ್ನ ಮನೆಯಲ್ಲಿರುವುದು ಬೇಡವಾಗಿತ್ತು. ನಾಲ್ಕು ಜನ ನೋಡಿದರೆ ಏನಂದಾರು ಅಂತ.

ಜುಲೈ 25

ಹೇಳಲಿಲ್ಲ.

ಜುಲೈ 26

ಹೇಳಲಿಲ್ಲ. ಮಗಳು ಎರಡು ತುತ್ತು ತಿಂದು ತಟ್ಟೆ ಸರಿಸಿದಳು.

ಜುಲೈ 29, ಸಂಜೆ 7

ಹೇಳಿದೆ.

ಜಗಲಿಯಲ್ಲಿ ಕೂತು ಮತ್ತೆ ಗ್ಯಾಸು, ಬಿಸಿನೀರು ಅಂತ ಶುರು ಮಾಡಿದಳು. "ನೀನಲ್ಲಮ್ಮ" ಅಂದೆ. ಎಲ್ಲ ಹೇಳಿದೆ — ಹನ್ನೊಂದನೇ ತಾರೀಕು, ಹದಿನೇಳು, ಚೀಲದಲ್ಲಿದ್ದ ಕೀಸುಳಿ, ಪಟ್ಟಿ. ದನಿ ನಡುಗಲಿಲ್ಲ. ಯಾರದೋ ಮನೆಯ ಬಾಗಿಲಿನ ಬಗ್ಗೆ ಹೇಳಿದ ಹಾಗೆ ಹೇಳಿದೆ.

ಆಮೇಲೆ ಕೇಳಿದಳು. "ಎಷ್ಟು ಹೊತ್ತಿನ ಕೆಲಸ ಅಪ್ಪ ಅದು?"

"ಕಾಲು ಗಂಟೆ."

"ಬಾಗಿಲು ಬಿಚ್ಚಿ, ಕೀಸಿ, ಮತ್ತೆ ಹಾಕೋಕೆ?"

"ಎಲ್ಲ ಸೇರಿ."

ಆಗ ಅತ್ತಳು. ಬಂದಾಗಿನಿಂದ ಹೀಗೆ ಅತ್ತಿರಲಿಲ್ಲ. ಕೈ ಚಾಚಿದೆ. ಸರಿದು ಕೂತಳು. ಸರಿಯೇ. ನಾನಾದರೂ ಹಾಗೇ ಮಾಡುತ್ತಿದ್ದೆ.

ಈಗ ಊಟಕ್ಕೆ ಬಡಿಸಿಟ್ಟಿದ್ದಾಳೆ. ಒಂದೇ ತಟ್ಟೆ, ನನ್ನದು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತಾಳಂತೆ. ಬಸ್ ಸ್ಟ್ಯಾಂಡಿನವರೆಗೆ ಬರ್ತೀನಿ ಅಂದೆ. ಬೇಡ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ.