ಬ್ಯಾಟರಿ ಶೆಡ್ಡಿನ ಹಿಂದಿನ ಓಣಿ

ಜೂನ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ನೀನು, ನಿನ್ನ ಯಜಮಾನರು, ಎರಡು ವರ್ಷದ ಪುಟ್ಟಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ತಡವಾಯಿತೆಂದು ಈ ಟೀಚರ್ ಮೇಲೆ ಮುನಿಸಿಕೊಳ್ಳಬೇಡ. ನಿವೃತ್ತಿಯಾದ ಮೇಲೆ ಕಾಲು ಚಾಚಿ ಕೂರೋಣವೆಂದಿದ್ದೆ; ಆರೋಗ್ಯ ಇಲಾಖೆಯವರು ಬಿಡಲಿಲ್ಲ.

ನೀನು ಹುಟ್ಟಿ ಬೆಳೆದ ಓಣಿಯ ಬೆನ್ನಿಗೇ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ ನೀನು ಹುಟ್ಟುವ ಮೊದಲಿನಿಂದಲೂ ಇದೆಯಲ್ಲ, ಅದರ ಪುಡಿ ಮಣ್ಣಿಗೆ ಬಿದ್ದು, ಮಣ್ಣಾಡುವ ಮಕ್ಕಳ ಬಾಯಿಗೆ ಹೋಗುತ್ತಿದೆಯೆಂದು ಇಲಾಖೆಗೆ ಅನುಮಾನ ಬಂತು. ಪುಟ್ಟ ಮಕ್ಕಳ ರಕ್ತ ಪರೀಕ್ಷಿಸಲು ಒಬ್ಬ ನರ್ಸನ್ನು ಕಳಿಸಿದರು. ಯಾರೂ ಒಪ್ಪಲಿಲ್ಲ. ಅರ್ಧ ಓಣಿಗೆ ಅಕ್ಷರ ಕಲಿಸಿದವಳು ನಾನೆಂದು ಯಾರೋ ಹೇಳಿದ್ದಕ್ಕೆ ಆ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು.

ಮೊದಲು ವೆಲ್ಡರನ ಮನೆಗೆ ಹೋದೆವು. "ನನ್ ಮಗೂಗೆ ಏನಾಗಿದೆ ಟೀಚರ್? ತಿಂತಾನೆ, ಆಡ್ತಾನೆ. ಸುಮ್ನೆ ಯಾಕೆ ಚುಚ್ಚಬೇಕು?" ಎಂದಳು ಅವನ ಹೆಂಡತಿ.

"ಸೀಸದ ವಿಷ ಹೊರಗೆ ಕಾಣಲ್ಲ ಅಕ್ಕ, ಅದಕ್ಕೇ ನೋಡ್ಬೇಕು" ಎಂದಳು ನರ್ಸ್.

ಬಾಗಿಲು ಮುಚ್ಚಿಕೊಳ್ಳುವುದರಲ್ಲಿತ್ತು. ನಾನು ಹೊಸ್ತಿಲ ಮೇಲೇ ಕೂತು, "ಮೊದ್ಲು ನನಗೆ ಚುಚ್ಚಮ್ಮ" ಎಂದು ಬೆರಳು ಚಾಚಿ ಕಣ್ಣು ಬಿಗಿಯಾಗಿ ಮುಚ್ಚಿದೆ. "ಟೀಚರ್‌ಗೆ ಭಯ" ಎಂದು ಮಗು ಕಿಸಕ್ಕನೆ ನಕ್ಕಿತು. ಅವರಮ್ಮನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಒಂದೊಂದೇ ಮನೆ ಒಪ್ಪುತ್ತ ಬಂತು.

ನಲವತ್ತು ಮಕ್ಕಳಲ್ಲಿ ಹದಿನೇಳು ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿತ್ತು. ನಕ್ಕ ಮಗುವಿನದರಲ್ಲೂ. ಈಗ ಶೆಡ್ಡಿಗೆ ಬೀಗ ಬಿದ್ದಿದೆ. ಓಣಿಯ ಮೇಲ್ಮಣ್ಣನ್ನು ಕೆರೆದು ಲಾರಿಗಳಲ್ಲಿ ಸಾಗಿಸಿ, ಹೊಸ ಮಣ್ಣು ಹಾಸುತ್ತಿದ್ದಾರೆ. ವೆಲ್ಡರನ ಹೆಂಡತಿ ಮನೆಮನೆಗೆ ಹೋಗಿ ಮಕ್ಕಳ ಕೈ ತೊಳೆಸುತ್ತಾಳೆ. ನರ್ಸಿಗಿಂತ ಅವಳ ಜೋರೇ ಹೆಚ್ಚು.

ನೀವು ಓಣಿ ಬಿಟ್ಟು ಇನ್ನೂ ವರ್ಷವಾಗಿಲ್ಲ. ಪುಟ್ಟಿ ಅಂಬೆಗಾಲಿಟ್ಟದ್ದು ಆ ಮಣ್ಣಿನಲ್ಲೇ. ನಾಳೆಯೇ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗು. ನರ್ಸ್ ಬರೆದುಕೊಟ್ಟ ಚೀಟಿ ಜೊತೆಗಿಟ್ಟಿದ್ದೇನೆ. ಗಾಬರಿಯಾಗಬೇಡ. ಬೇಗ ಗೊತ್ತಾದಷ್ಟೂ ಒಳ್ಳೆಯದೆಂದು ಇಲ್ಲಿನ ಮಕ್ಕಳನ್ನು ನೋಡುತ್ತಿರುವ ಡಾಕ್ಟರ್ ಹೇಳಿದ್ದಾರೆ.

ನಿನ್ನ ಹೊಟ್ಟೆ ತಣ್ಣಗಿರಲಿ, ಮನೆ ತುಂಬ ನಗುವಿರಲಿ.

ನಿನ್ನ
ಟೀಚರ್

ಮತ್ತೊಂದು ಮಾತು: ಇದನ್ನು ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಮೈಯಲ್ಲಿ ಸೀಸ ಸೇರಿದ ಮಕ್ಕಳು ತರಗತಿಯಲ್ಲಿ ಹೇಗಿರುತ್ತಾರೆಂದು ಡಾಕ್ಟರನ್ನು ಕೇಳಿದೆ. "ಕೆಲವರಿಗೆ ಹೇಳ್ಕೊಟ್ಟಿದ್ದು ನಿಲ್ಲಲ್ಲ, ಮನಸ್ಸು ಒಂದ್ಕಡೆ ನಿಲ್ಲಲ್ಲ" ಎಂದರು. ನನಗೆ ನಾಲ್ಕನೇ ತರಗತಿಯ ನೀನೇ ಕಣ್ಣ ಮುಂದೆ ಬಂದೆ. ನಿನ್ನನ್ನು ಶಾಲೆ ಬಿಡಿಸಿದ್ದು ಅಪ್ಪನೆಂದು ನೀನು ಅವರು ತೀರಿಕೊಳ್ಳುವವರೆಗೂ ಅವರ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ಬಿಡಿಸಲು ಹೇಳಿದವಳು ನಾನು, ಗುಬ್ಬಿ. "ಇವಳ ತಲೆಗೆ ಓದು ಹತ್ತಲ್ಲ, ಹೊಲಿಗೆಗಾದ್ರೂ ಹಾಕಿ" ಎಂದೆ. ಅವರು ಅತ್ತರು. ಕಾರಣ ಸೀಸವೇ ಎಂದು ಇಷ್ಟು ವರ್ಷದ ಮೇಲೆ ಯಾರೂ ಹೇಳಲಾರರು. ಆದರೆ ನೀನು ದಡ್ಡಿಯಾಗಿರಲಿಲ್ಲ. ನಾನು ಬೇಗ ಕೈಬಿಟ್ಟೆ. ನನ್ನನ್ನು ಎಷ್ಟು ಬೈಯಬೇಕೋ ಅಷ್ಟು ಬೈ. ಪುಟ್ಟಿಯನ್ನು ಕರೆದುಕೊಂಡು ಹೋಗಿ ಬಂದಮೇಲೆ ಬೈ.