ಗೆರೆಯ ಮೇಲೆ ಅವ್ವ, ಕೆಳಗೆ ನಾನು

೩ ಮಾರ್ಚ್ ೧೯೮೧, ಬಿಳಿಚೋಡು

ರೊಟ್ಟಿ ಬಡಿದಾಯಿತು. ಮತ್ತೆ ನಮ್ಮ ಹಾಡು ಬರೆಯಲು ಕೂತೆ. ಇವತ್ತೂ ಆಗಲಿಲ್ಲ.

ಸೋಬಾನೆಯಲ್ಲಿ ಅವ್ವನದು ಮುಂದಿನ ದನಿ, ನನ್ನದು ಹಿಂದಿನದು. ಅವಳ ಸಾಲು ಮುಗಿಯುವ ಮೊದಲೇ ನಾನು ಎತ್ತಿಕೊಳ್ಳಬೇಕು. ಎರಡೂ ಒಂದರ ಮೇಲೊಂದು ಬರುತ್ತವೆ. ಹಾಳೆಯಲ್ಲಿ ಮಾತ್ರ ಒಂದರ ಹಿಂದೊಂದು ನಿಲ್ಲುತ್ತವೆ.

ಹದಿನೈದಕ್ಕೆ ಅವ್ವನಿಗೆ ದಾವಣಗೆರೆಯಲ್ಲಿ ಆಪರೇಷನ್. ಗಂಟಲಲ್ಲಿ ಗಡ್ಡೆ. ಜೀವ ಉಳಿಯುತ್ತದಂತೆ, ದನಿ ಉಳಿಯುವುದಿಲ್ಲವಂತೆ. ಡಾಕ್ಟರ್ ಹೇಳಿದಾಗ ಅವ್ವ ತಲೆಯಾಡಿಸಿದಳು, ಬಸ್ಸಿನ ಟೈಮು ಕೇಳಿದವಳ ಹಾಗೆ.

೫ ಮಾರ್ಚ್

ಹಾರ್ಮೋನಿಯಂ ತಿಪ್ಪೇರುದ್ರಸ್ವಾಮಿಗಳ ಮನೆಗೆ ಹೋದೆ. ಸರಿಗಮ ಬರೆಯಲು ಕಲಿಸಿದವರು ಅವರೇ. ಬಾಗಿಲಲ್ಲೇ ನಿಂತು ಹಾಳೆ ಚಾಚಿದೆ.

"ಒಂದು ಗೆರೆಗೆ ಒಂದು ದನಿ ಕಣಮ್ಮ. ನೊಗದ ಒಂದೇ ಕಡೆ ಎರಡು ಎತ್ತು ಕಟ್ಟಾಕೆ ಆಗತೈತಾ?"

ಹಾಳೆ ಮಡಿಚಿಕೊಂಡು ಬಂದೆ. ದಾರಿಯಲ್ಲಿ ಹೊಳೆಯಿತು—ನೊಗಕ್ಕೆ ಎರಡು ಕಡೆ ಉಂಟಲ್ಲ. ಗೆರೆಯ ಮೇಲೆ ಅವ್ವ, ಕೆಳಗೆ ನಾನು.

೮ ಮಾರ್ಚ್

ಬರೆಯಲೆಂದು ನಾನು ಸುಮ್ಮನಾದರೆ ಅವ್ವ ನಡುವೆಯೇ ನಿಂತುಬಿಡುತ್ತಾಳೆ. "ನೀನು ಹಿಂದೆ ಬರದಿದ್ರೆ ನಾನು ಮುಂದೆ ಹೋಗದು ಹೆಂಗೆ?" ನಾನು ಹಾಡಿದರೆ ಕೈ ನಿಲ್ಲುತ್ತದೆ.

ನನ್ನ ಜಾಗಕ್ಕೆ ಪಕ್ಕದ ಮನೆಯ ಲಕ್ಷ್ಮಕ್ಕನನ್ನು ಕರೆದೆ. ಬಂದವಳೇ, "ನಿಮ್ಮವ್ವನ್ನ ಹಾಳ್ಯಾಗೆ ಉಪ್ಪಿನಕಾಯಿ ಹಾಕ್ತೀಯೇನೆ?" ಅಂದಳು. ಅವ್ವ ನಕ್ಕಳು. ನಕ್ಕಿದ್ದಕ್ಕೆ ಕೆಮ್ಮು... ಆದರೂ ಹಾಡಿದರು. ಮೇಲೆ, ಕೆಳಗೆ, ಎಲ್ಲ ಇಳಿಸಿಕೊಂಡೆ.

೧೪ ಮಾರ್ಚ್

ಓದಿಕೊಂಡು ಹಾಡಿ ನೋಡಿದೆ. ಇದು ನಮ್ಮ ಹಾಡಲ್ಲ. ಲಕ್ಷ್ಮಕ್ಕ ತಡವಾಗಿ ಎತ್ತುತ್ತಾಳೆ. ಅವಳಿಗಾಗಿ ಅವ್ವ ಸಾಲಿನ ಕೊನೆಯನ್ನು ಎಳೆದು ಕಾದಿದ್ದಾಳೆ. ನನಗಾಗಿ ಹಾಗೆ ಕಾಯುತ್ತಿರಲಿಲ್ಲ. ನಾನು ಬಂದೇ ಬರುತ್ತೇನೆಂದು ಕೊನೆಯ ಮಾತನ್ನು ಬಿಟ್ಟುಕೊಡುತ್ತಿದ್ದಳು. ಆ ಬಿಟ್ಟುಕೊಡುವುದು ಹಾಳೆಯಲ್ಲಿಲ್ಲ.

"ಇನ್ನೊಂದ್ಸಲ ಹಾಡವ್ವ" ಅಂದೆ. ಎರಡು ಮಾತು ಹಾಡಿದಳು. ಆಮೇಲೆ ರಕ್ತ ಕೆಮ್ಮಿದಳು. ಅಣ್ಣ ದುರುಗಣ್ಣ ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡ.

"ನಿಂಗೆ ಅವ್ವ ಬೇಕಾ, ಹಾಡು ಬೇಕಾ?"

ಅವ್ವ ಅನ್ನಬೇಕಿತ್ತು.

೯ ಏಪ್ರಿಲ್

ಅವ್ವ ಮನೆಗೆ ಬಂದಳು. ಕುತ್ತಿಗೆಯಲ್ಲಿ ತೂತು, ಮೇಲೆ ಬಿಳಿ ಬಟ್ಟೆ. ಉಸಿರಾಟ ಅಲ್ಲಿಂದಲೇ. ನೀರು ಬೇಕಾದರೆ ಲೋಟ ಬಡಿಯುತ್ತಾಳೆ.

೨ ಮೇ

ಸೋಬಾನೆಗೆ ಕರೆಯಲು ಮದುವೆ ಮನೆಯವರು ಬಂದಿದ್ದರು. ಒಳಗೇ ಕೂತೆ. ಮುಂದಿನ ದನಿ ನನ್ನಿಂದಾಗದು. ಹಿಂದಿನದಕ್ಕೆ ಮುಂದೆ ಯಾರಿದ್ದಾರೆ?

೩ ಮೇ, ಮಧ್ಯಾಹ್ನ

ಅವ್ವ ಹಾಳೆ ಮಡಿಚಿ ಗೂಡಿನಲ್ಲಿಟ್ಟಳು. ನನ್ನೆದುರು ಬಂದು ಕೂತಳು. ತೊಡೆಯ ಮೇಲೆ ತಾಳ ಹಾಕಿದಳು. ತುಟಿ ಆಡಿದವು. ದನಿಯಿಲ್ಲ, ಬಟ್ಟೆಯ ಕೆಳಗೆ ಗಾಳಿ ಮಾತ್ರ. ಕೊನೆಯ ಮಾತಿಗೆ ಬಂದಳು. ಕಾಯಲಿಲ್ಲ, ಬಿಟ್ಟುಕೊಟ್ಟಳು.

ಎತ್ತಿಕೊಂಡೆ. ಸರಿಯಾದ ಜಾಗದಲ್ಲೇ. ಹಿಂದಿನ ದನಿಯೊಂದೇ, ಮನೆ ತುಂಬ.

ನನ್ನ ಸಾಲು ಮುಗಿಯಿತು. ಇನ್ನು ಅವಳದು. ಅವಳ ತುಟಿ ನೋಡುತ್ತಾ—