ಮಾಳಿಗೆಯ ಮೇಲೆ ಎತ್ತಿದ ಕೈ

ಹುಮನಾಬಾದ, ಹಾಸ್ಟೆಲ್
11 ನವೆಂಬರ್ 2025, ಮಂಗಳವಾರ

ಪ್ರೀತಿಯ ಮುಕ್ತಾ ಕಾಕು,

ಜೈಭೀಮ್. ಹೋದ ತಿಂಗಳು ಬರುತ್ತೇನೆಂದು ಹೇಳಿ ಬರಲಿಲ್ಲ, ಆಮೇಲೆ ಒಂದು ಫೋನೂ ಇಲ್ಲ. ಬೈಯಿರಿ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ, ಅದಕ್ಕೇ ಕಾಗದ. ಮೊಣಕಾಲು ನೋವು ಹೇಗಿದೆ? ಇಲ್ಲಿಯ ಉಪ್ಪಿಟ್ಟು ಇನ್ನೂ ಸಿಮೆಂಟೇ.

ಶನಿವಾರ ಬಸವಕಲ್ಯಾಣದಲ್ಲಿ ಡಿಬೇಟ್. ನೆರೆಯಲ್ಲಿ ಸಿಕ್ಕವರನ್ನು ಎತ್ತಿ ತರುವ ಹೆಲಿಕಾಪ್ಟರ್ ಸೇನೆಯ ಕೈಯಲ್ಲೇ ಇರಬೇಕೋ, ಕಂಪನಿಗೆ ಕೊಡಬೇಕೋ ಎನ್ನುವುದು ಟಾಪಿಕ್. ಚೀಟಿ ಎತ್ತಿದಾಗ ನನಗೆ ಕಂಪನಿ ಬಂತು. ಕರೆ ಬಂದ ಇಷ್ಟು ನಿಮಿಷದಲ್ಲಿ ಹಾರಲೇಬೇಕೆಂದು ಕಂಪನಿಗೆ ಕರಾರು ಹಾಕಬಹುದು, ಸೇನೆಗಾದರೆ ನೂರು ಬೇರೆ ಕೆಲಸ. ಇದು ನನ್ನ ಮೇನ್ ಪಾಯಿಂಟ್. ಸೇನೆಯ ಪರ ಮಾತಾಡುವ ರೂಮ್‌ಮೇಟ್ ಸರಿತಾ ಬಿಡುವುದಿಲ್ಲ: "ಗುಂಡಿಗೆ ಅಂಜದವ್ರು ನೀರಿಗೆ ಅಂಜತಾರೇನ? ನಿನ್ನ ಕಂಪನಿ ಬಂದ್ರ ಮಾಳಿಗಿ ಮ್ಯಾಲ ನಿಂತು ಓಟಿಪಿ ಹೇಳಬೇಕಾಗ್ತದ. ನೆಟ್‌ವರ್ಕ್ ಇಲ್ಲಂದ್ರ ಮುಳುಗು!"

ನಾನೂ ನಕ್ಕೆ. ಆದರೆ ನಮಗೆ ಡಿಬೇಟ್ ಕಲಿಸುವ ಓಂಪ್ರಕಾಶ ಸರ್‌ಗೆ ನಮ್ಮ ಮನೆಯ ಸಂಗತಿ ಗೊತ್ತಾಗಿದೆ. ಹೋದ ವರ್ಷ ಮಾಂಜ್ರಾ ನದಿ ಏರಿ ನಾವು ಮೂವರೂ ಮಾಳಿಗೆ ಹತ್ತಿದ್ದು, ಸೇನೆಯ ಹೆಲಿಕಾಪ್ಟರ್ ತಲೆಯ ಮೇಲೆ ಸುತ್ತಿ ಹೊರಟುಹೋದದ್ದು, ಸಂಜೆ ಮಚ್ಚೇಂದ್ರ ಕಾಕಾಗೆ ಎದೆನೋವು ಬಂದದ್ದು, ಮರುದಿನ ದೋಣಿ ಬರುವಷ್ಟರಲ್ಲಿ ಕಾಕಾ ಇಲ್ಲವಾದದ್ದು. "ಏನೂ ಸಿಗಂಗಿಲ್ಲ ಹೋಗ್ರಿ ಅಂತ ಹೆಬ್ಬೆರಳೆತ್ತಿ ಠೆಂಗಾ ತೋರಿಸಿ ಹೋದ ಆ ಹೆಲಿಕಾಪ್ಟರಿನ ಮೂಳ" ಎಂದು ಬಂದವರಿಗೆಲ್ಲ ಹೇಳುತ್ತೀರಲ್ಲ, ಅದನ್ನೇ ಹೇಳಬೇಕಂತೆ.

"ಅಷ್ಟು ಹೇಳು ಸಾಕವಾ, ಫಸ್ಟ್ ಪ್ರೈಜ್ ನಮ್ದೇ. ನಿಮ್ಮ ಕಾಕುಗ ಮುಂದಿನ ಸಾಲಿನ್ಯಾಗ ಕೂಡ್ರಸ್ತೇನಿ" ಎಂದರು ಸರ್. ನೀವೂ ಬರುತ್ತೇನೆಂದು ಒಪ್ಪಿದಿರಂತೆ.

ಬೇರೆ ಉದಾಹರಣೆ ಕೊಡುತ್ತೇನೆ ಎಂದೆ. "ಯಾಕ, ಸುಳ್ಳೇನದು?" ಎಂದರು. ಸುಳ್ಳಲ್ಲ ಸರ್ ಎಂದೆ. ನನ್ನ ಹೆಸರು ಕಳಿಸಿಯಾಗಿದೆ. ಊಟ ಸೇರುತ್ತಿಲ್ಲ. ಎಲ್ಲರೂ ಸ್ಟೇಜ್ ಫಿಯರ್ ಅನ್ನುತ್ತಾರೆ. ಅನ್ನಲಿ.

ಗುಳಿಗೆ ಬಿಡಬೇಡಿ. ಕೇಳಲು ಮುಖವಿಲ್ಲ, ಆದರೂ ನಿಮ್ಮ ಆಶೀರ್ವಾದ ಬೇಕು.

ನಿಮ್ಮ
ಸ್ನೇಹಲ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗಲಿಲ್ಲ: ಡಿಬೇಟ್‌ಗೆ ಓದುವಾಗ ಲೈಬ್ರರಿ ಪುಸ್ತಕದಲ್ಲಿ ಒಂದು ಚಿತ್ರ ನೋಡಿದೆ. ಹೆಲಿಕಾಪ್ಟರಿನವರಿಗೆ ಎರಡೂ ಕೈ ಮೇಲೆತ್ತಿದರೆ 'ನೆರವು ಬೇಕು'. ಒಂದು ಮೇಲೆ, ಒಂದು ಕೆಳಗೆ ಚಾಚಿದರೆ 'ಬೇಡ'. ಅವತ್ತು ನನ್ನ ಬಲಗೈ ಮೊಬೈಲ್ ಹಿಡಿದು ಮೇಲಿತ್ತು, ಹಾಸ್ಟೆಲ್ ಗೆಳತಿಯರಿಗೆ ತೋರಿಸಲು ವಿಡಿಯೋ ತೆಗೆಯುತ್ತಿದ್ದೆ. ನೀವು ಎರಡೂ ಕೈ ಎತ್ತಿ ಏಳುತ್ತಿದ್ದಿರಿ. "ಕೂಡ್ರಿ ಕಾಕು, ಅಡ್ಡ ಬರಾಕತ್ತೀರಿ" ಎಂದು ಎಡಗೈ ಕೆಳಗೆ ಚಾಚಿದೆ. ನೀವು ಕೂತಿರಿ. ಆತ ಹೆಬ್ಬೆರಳೆತ್ತಿದ್ದು ಠೆಂಗಾ ಅಲ್ಲ ಕಾಕು, 'ಸರಿ, ತಿಳಿಯಿತು' ಅಂತ. ವಿಡಿಯೋ ಇನ್ನೂ ನನ್ನ ಹತ್ತಿರ ಇದೆ. ಈ ಕಾಗದ ಓದಿದ ಮೇಲೆ ನೀವು ಶನಿವಾರ ಬಸ್ ಹತ್ತುತ್ತೀರೋ ಇಲ್ಲವೋ, ನಾನು ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.